‘ಬಾವಲಿ ಜ್ವರ’ವೆಂಬ ಹೆಸರು

ರೋಗಗಳಿಗೆ ಹೆಸರಿಡುವುದು ವೈದ್ಯರ ಕೆಲಸವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ವಾಸ್ತವದಲ್ಲಿ ಜನರ ನಾಲಿಗೆಯ ಮೇಲೆ ನಿಲ್ಲುವ ಹೆಸರನ್ನು ಇಡುವವರು ಬೇರೆ. 2018ನೆಯ ಇಸವಿಯ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯಲ್ಲಿ ನಿಪಾ ಎಂಬ ವಿಷಾಣುವಿನ ಜಾಡ್ಯವು ತಲೆದೋರಿದಾಗ, ಕನ್ನಡದ ವರ್ತಮಾನಪತ್ರಿಕೆಗಳಲ್ಲಿಯೂ ದೃಶ್ಯವಾಹಿನಿಗಳಲ್ಲಿಯೂ ಅದಕ್ಕೆ ‘ಬಾವಲಿ ಜ್ವರ’ವೆಂಬ ಹೆಸರು ಬಹು ಬೇಗನೆ ಬಿದ್ದಿತು. ನಿಪಾ ಎಂಬುದು ಕನ್ನಡದ ಕಿವಿಗೆ ಬರಿಯ ಸದ್ದು. ‘ಬಾವಲಿ ಜ್ವರ’ವಾದರೋ ಅಕ್ಷರ ಬಾರದ ಮುದುಕಿಗೂ ಅರ್ಥವಾಗುವ ಮಾತು. ಆದಕಾರಣ ಹೆಸರಿಟ್ಟವರ ಜಾಣತನವನ್ನು ಅಲ್ಲಗಳೆಯುವುದು ನ್ಯಾಯವಾಗದು. ಆದರೆ ಪದ್ಯವೊಂದರಲ್ಲಿ ಒಂದು ವಿಶೇಷಣ ತಪ್ಪಿದರೂ ಎತ್ತಿ ತೋರಿಸುವ ವಿಮರ್ಶಕರು, ಊರೂರಿನ ಬಾಯಿಗೆ ಬಿದ್ದ ಇಂತಹ ಮಾತನ್ನು ಪರೀಕ್ಷಿಸದೆ ಬಿಡುವುದು ಉಚಿತವಲ್ಲ. ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ವಾಚಕರಿಗಂತೂ ಇದು ದೂರದ ವಿಷಯವಲ್ಲ. ಹಾಳುಬಿದ್ದ ಗರ್ಭಗುಡಿಯ ಕತ್ತಲೆಯಲ್ಲಿ, ಹೊಳೆಯ ದಡದ ಬಾಳೆಯ ತೋಟದಲ್ಲಿ, ಬೆಟ್ಟದ ಗವಿಯಲ್ಲಿ, ಊರ ಮುಂದಣ ಆಲದ ಮರದಲ್ಲಿ ಬಾವಲಿಯು ಈ ಸೀಮೆಯ ಹಳೆಯ ಒಕ್ಕಲಾಗಿದೆ.

ಪ್ರಾಣಿಯ ಹೆಸರನ್ನು ರೋಗಕ್ಕೆ ಕಟ್ಟುವ ವಾಡಿಕೆ ಕನ್ನಡಕ್ಕೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸತ್ತು ಬಿದ್ದು, ಮನುಷ್ಯರಿಗೂ ಜ್ವರ ಹತ್ತಿದಾಗ ಜನರು ಅದನ್ನು ‘ಮಂಗನ ಕಾಯಿಲೆ’ ಎಂದರು. ಆ ವಿಷಾಣುವನ್ನು ಹೊತ್ತು ತರುವುದು ಉಣುಗು. ಮಂಗವು ಮನುಷ್ಯನಂತೆಯೇ ಅದರ ಬಲಿ. ವಾನರರ ರಾಜ್ಯವೆಂದು ಹೆಸರಾದ ಹಂಪೆ ಆನೆಗುಂದಿಗಳ ಜನರಿಗೆ ಈ ಹೆಸರು ತುಸು ಕಹಿಯಾಗಿಯೇ ಕೇಳಿಸೀತು. ಆದರೂ ಅದರಲ್ಲಿ ಒಂದು ಸತ್ಯವುಂಟು. ಮಂಗಕ್ಕೆ ಆ ಕಾಯಿಲೆ ನಿಜವಾಗಿ ಬರುತ್ತದೆ. ಸತ್ತ ಮಂಗವನ್ನು ಕಂಡವನು ಆ ಕಾಡಿಗೆ ಕಾಲಿಡದೆ ಹಿಂದಿರುಗಬಹುದು. ಪ್ಲೇಗಿನ ಕಾಲದ ‘ಇಲಿ ಬಿತ್ತು’ ಎಂಬ ಎರಡು ಪದಗಳು ಇದಕ್ಕಿಂತಲೂ ಮೇಲಾದುವು. ಚಿಗಟವು ಇಲಿಯಿಂದ ಮನುಷ್ಯನಿಗೆ ಪ್ಲೇಗನ್ನು ದಾಟಿಸುತ್ತದೆಯೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ವಿದ್ವಾಂಸರು ಅದನ್ನು ಒಪ್ಪಲು ಮತ್ತೆ ಕೆಲವು ವರ್ಷಗಳು ಹಿಡಿದುವು. ಕನ್ನಡ ನಾಡಿನ ಹಳ್ಳಿಗಳು ಅಷ್ಟು ಕಾಲ ಕಾದು ಕುಳಿತಿರಲಿಲ್ಲ. ‘ಇಲಿ ಬಿತ್ತು’ ಎಂದೊಡನೆ ಮನೆಯವರು ಪಾತ್ರೆಪರಡಿಗಳನ್ನು ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆ ಮಾತಿನಲ್ಲಿ ಇಲಿಯ ಮೇಲೆ ದೂರಿಲ್ಲ; ಅದು ಕುರುಹನ್ನು ಹೇಳಿತು, ಆ ಕುರುಹಿನಿಂದಲೇ ಮಾಡಬೇಕಾದ ಕೆಲಸವನ್ನೂ ಹೇಳಿತು.

‘ಬಾವಲಿ ಜ್ವರ’ಕ್ಕೆ ಇಂತಹ ಯಾವ ಆಧಾರವೂ ಇಲ್ಲ. ಮೊದಲನೆಯದಾಗಿ, ಬಾವಲಿಗೆ ಜ್ವರವೇ ಇಲ್ಲ. ನಿಪಾ ವಿಷಾಣುವು ಹಣ್ಣು ತಿನ್ನುವ ದೊಡ್ಡ ಬಾವಲಿಯ ಮೈಯಲ್ಲಿ ಅದಕ್ಕೆ ಕಾಣುವಂತಹ ಕೇಡೇನನ್ನೂ ಮಾಡದೆ ಬಾಳಿಕೊಂಡು ಬಂದಿದೆ. ಆ ಪ್ರಾಣಿಯು ಸತ್ತು ಬಿದ್ದು ಎಚ್ಚರಿಕೆ ಕೊಡುವುದಿಲ್ಲ. ಆದುದರಿಂದ ಈ ಹೆಸರು ‘ಮಂಗನ ಕಾಯಿಲೆ’ಯ ಅಚ್ಚಿನಲ್ಲಿ ಎರಕಹೊಯ್ದದ್ದಾದರೂ ಅದರೊಳಗಿನ ಲೋಹ ಬೇರೆ. ಅದು ಕುರುಹನ್ನು ತೋರಿಸದೆ ಬರಿಯ ಬೆರಳನ್ನು ತೋರಿಸುತ್ತದೆ.

ಬೆರಳು ತೋರಿಸುವ ಹೆಸರು ಎಷ್ಟರಮಟ್ಟಿಗೆ ದಾರಿ ತಪ್ಪಿಸುತ್ತದೆಯೆಂಬುದಕ್ಕೆ ಕೋಳಿಕ್ಕೋಡಿನ ಸಂಗತಿಯೇ ಸಾಕು. ಪೇರಾಂಬ್ರದ ಸಮೀಪದ ಒಂದು ಮನೆಯಲ್ಲಿ ಒಬ್ಬ ಮಗನು ತೀರಿಕೊಂಡು, ಅವನ ಅಣ್ಣತಮ್ಮಂದಿರಲ್ಲಿ ಮತ್ತೊಬ್ಬನೂ ಅವೇ ಲಕ್ಷಣಗಳಿಂದ ಹಾಸಿಗೆ ಹಿಡಿದಾಗ ವೈದ್ಯರಿಗೆ ಸಂದೇಹ ಬಂದು, ಮಾದರಿಗಳನ್ನು ಕರ್ನಾಟಕದ ಮಣಿಪಾಲದಲ್ಲಿರುವ ವಿಷಾಣು ಸಂಶೋಧನಾ ಕೇಂದ್ರಕ್ಕೆ ಕಳುಹಿಸಿದರು. ರೋಗವನ್ನು ಮೊದಲು ಗುರುತಿಸಿದ್ದು ಅಲ್ಲಿ. ಪುಣೆಯ ರಾಷ್ಟ್ರೀಯ ವಿಷಾಣು ಸಂಸ್ಥೆಯು ಅದನ್ನು ಸ್ಥಿರಪಡಿಸಿತು. ಸರಕಾರದ ಅಂದಿನ ಲೆಕ್ಕದಂತೆ 17 ಮಂದಿ ಮಡಿದರು. ಇವರಲ್ಲಿ ಬಾವಲಿಯ ಕಡೆಯಿಂದ ರೋಗ ಬಂದದ್ದು ಮೊದಲನೆಯ ಒಬ್ಬನಿಗೆ ಮಾತ್ರವೆಂಬುದು ಮುಂದಿನ ವಿಚಾರಣೆಯಲ್ಲಿ ತಿಳಿದುಬಂದ ಸಂಗತಿ. ಉಳಿದವರಿಗೆ ಅದು ಬಂದದ್ದು ಮನುಷ್ಯರಿಂದ: ರೋಗಿಯ ಪಕ್ಕದಲ್ಲಿ ಮಲಗಿದ್ದುದರಿಂದ, ಅವನು ಕೆಮ್ಮುತ್ತ ಹಾದುಹೋದ ಆಸ್ಪತ್ರೆಯ ಓಣಿಯಲ್ಲಿ ನಿಂತಿದ್ದುದರಿಂದ, ಅವನ ಆರೈಕೆ ಮಾಡಿದುದರಿಂದ. ಹೀಗೆ ಆರೈಕೆ ಮಾಡಿ ಪ್ರಾಣ ಕೊಟ್ಟವರಲ್ಲಿ ಲಿನಿ ಎಂಬ ದಾದಿಯೂ ಒಬ್ಬರು. ‘ಬಾವಲಿ ಜ್ವರ’ವೆಂಬ ಹೆಸರನ್ನು ಮಾತ್ರ ಕೇಳಿದವನು ಮಾವಿನ ಮರವನ್ನು ಕಂಡು ಬೆದರುವನು; ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವಾಗ ಮೂಗು ಬಾಯಿಗಳನ್ನು ಕಟ್ಟಿಕೊಳ್ಳಬೇಕೆಂಬುದು ಅವನಿಗೆ ಹೊಳೆಯದು. ಈ ಸಂಗತಿಯನ್ನೇ ವಸ್ತುವಾಗಿಟ್ಟುಕೊಂಡು ಆಶಿಕ್ ಅಬು 2019ರಲ್ಲಿ ಮಲೆಯಾಳದಲ್ಲಿ ತೆಗೆದ ‘ವೈರಸ್’ ಎಂಬ ಚಲಚ್ಚಿತ್ರವು ಪತ್ರಿಕೆಗಳಿಗಿಂತ ವಿವೇಕದಿಂದ ನಡೆದುಕೊಂಡಿದೆ. ಯಾರು ಯಾರನ್ನು ಯಾವಾಗ ಎಲ್ಲಿ ಸಂಧಿಸಿದರೆಂದು ಎಳೆ ಎಳೆಯಾಗಿ ಬಿಡಿಸುವುದೇ ಅದರ ಕಥೆಯ ಬೆನ್ನೆಲುಬು. ನಟರ ಗುಂಪು ದೊಡ್ಡದಾಗಿ ನೋಡುವವರಿಗೆ ಅಲ್ಲಲ್ಲಿ ಗೊಂದಲವಾಗುವುದು ನಿಜ. ಆದರೆ ಆ ಗೊಂದಲವೇ ಜಾಡ್ಯದ ನಿಜವಾದ ರೂಪ.

ಹೆಸರಿನ ಎರಡನೆಯ ದೋಷವು ಇನ್ನೂ ಸೂಕ್ಷ್ಮವಾದುದು. ಸತ್ತವರ ಮನೆಯ ಬಾವಿಯಲ್ಲಿ ಬಾವಲಿಗಳಿದ್ದುವು. ಅವುಗಳನ್ನು ಹಿಡಿದು ಭೋಪಾಲದ ಪ್ರಯೋಗಶಾಲೆಗೆ ಕಳುಹಿಸಲಾಯಿತು. ಅವುಗಳಲ್ಲಿ ವಿಷಾಣು ಇಲ್ಲವೆಂದು ಉತ್ತರ ಬಂದಾಗ ‘ಬಾವಲಿ ಕಾರಣವಲ್ಲ’ವೆಂದು ಪತ್ರಿಕೆಗಳು ದೊಡ್ಡ ಅಕ್ಷರಗಳಲ್ಲಿ ಸಾರಿದುವು. ಕೆಲವು ದಿನಗಳ ಮೇಲೆ ಪೇರಾಂಬ್ರದ ದೊಡ್ಡ ಬಾವಲಿಗಳನ್ನು ಪರೀಕ್ಷಿಸಿ, 52ರಲ್ಲಿ 10ರಲ್ಲಿ ನಿಪಾ ಇದೆಯೆಂದು ಕಂಡಾಗ ‘ಬಾವಲಿಯೇ ಕಾರಣ’ವೆಂದು ಮತ್ತೆ ಸಾರಬೇಕಾಯಿತು. ವಾಚಕರಿಗೆ ವಿಜ್ಞಾನಿಗಳು ದಿನಕ್ಕೊಂದು ಮಾತನಾಡುವವರಾಗಿ ಕಂಡರು. ವಿಜ್ಞಾನಿಗಳ ಮಾತಿನಲ್ಲಿ ವಿರೋಧವೇ ಇರಲಿಲ್ಲ. ಬಾವಿಯಲ್ಲಿದ್ದುವು ಹುಳು ತಿನ್ನುವ ಸಣ್ಣ ಜಾತಿಯವು. ಮರದಲ್ಲಿದ್ದುವು ಹಣ್ಣು ತಿನ್ನುವ ದೊಡ್ಡ ಜಾತಿಯವು. ಇಂಗ್ಲಿಷಿನಿಂದ ಅವಸರದಲ್ಲಿ ತಂದ ಸುದ್ದಿಯಲ್ಲಿ ಎರಡಕ್ಕೂ ಒಂದೇ ಪದ ಬಿದ್ದುದರಿಂದ ಈ ಅನರ್ಥವಾಯಿತು. ಕನ್ನಡಕ್ಕೆ ಪದಗಳ ಬಡತನವಿರಲಿಲ್ಲ. ಬಾವಲಿ, ತೊಗಲುಬಾವಲಿ, ಕಣ್ಕಪಡಿ ಎಂದು ನುಡಿಯಲ್ಲಿ ಹೆಸರುಗಳಿವೆ. ಸಂಜೆಗೆ ಮಂಟಪದ ಕಂಬಗಳ ನಡುವಿನಿಂದ ಸೊಳ್ಳೆ ಹುಳುಗಳ ಬೆನ್ನಟ್ಟಿ ಹೊರಡುವ ಗೇಣುದ್ದದ ಜೀವಿಯೂ, ನಾಲ್ಕು ಅಡಿಗೆ ಸಮೀಪವಾಗುವಷ್ಟು ರೆಕ್ಕೆ ಹರಡಿ ತೋಪಿನ ಮೇಲೆ ಹಾರುವ ಜೀವಿಯೂ ಒಂದೇ ಅಲ್ಲವೆಂಬುದನ್ನು ಕಂಪ್ಲಿಯ ಗದ್ದೆಯಲ್ಲಿ ದುಡಿಯುವ ಯಾವ ಆಳೂ ಬಲ್ಲನು. ಬರೆಯುವ ಕನ್ನಡವು ಆಡುವ ಕನ್ನಡಕ್ಕಿಂತ ಬಡವಾಗಿರುವುದಕ್ಕೆ ಇದೊಂದು ನಿದರ್ಶನ. ಬಾವಲಿಯ ಮನೆಗೆ ಬಂದ ನೆಂಟನೂ ಜೋತುಬೀಳಬೇಕೆಂಬ ಗಾದೆಯನ್ನು ಹಾಸ್ಯಕ್ಕಾಗಿ ಬಳಸುವ ಲೇಖಕರು, ಆ ಮನೆ ಯಾವ ಜಾತಿಯ ಬಾವಲಿಯದೆಂದು ವಿಚಾರಿಸಿದರೆ ನಷ್ಟವಿಲ್ಲ.

ಹಾಗಾದರೆ ವಿಷಾಣುವು ದಾಟುವ ಬಗೆಯನ್ನು ಕನ್ನಡದಲ್ಲಿ ಹೇಳುವುದು ಹೇಗೆ? ‘ಹರಡುತ್ತದೆ’ ಎಂಬ ಒಂದೇ ಕ್ರಿಯಾಪದದಿಂದ ಬರೆಹಗಾರರೆಲ್ಲರೂ ಕೆಲಸ ಸಾಗಿಸುತ್ತಾರೆ. ಹರಡುವುದು ನೀರು, ಬೆಂಕಿ, ಸುದ್ದಿ. ಅದಕ್ಕೆ ದಾರಿಯಿಲ್ಲ, ಎಲ್ಲ ದಿಕ್ಕೂ ದಾರಿಯೇ. ಬಾವಲಿಯಿಂದ ಮನುಷ್ಯನಿಗೆ ವಿಷಾಣು ಹಾಗೆ ಬರುವುದಿಲ್ಲ. ಅದು ಬಹಳ ಇಕ್ಕಟ್ಟಾದ ದಾರಿಯಲ್ಲಿ, ಅಪರೂಪಕ್ಕೊಮ್ಮೆ ದಾಟುತ್ತದೆ. 1998-99ರಲ್ಲಿ ಮಲೇಷ್ಯದಲ್ಲಿ ಹಂದಿಗಳ ಕೊಟ್ಟಿಗೆಯ ಪಕ್ಕದಲ್ಲಿಯೇ ಮಾವಿನ ತೋಪುಗಳನ್ನು ಬೆಳೆಸಿದ್ದರು. ಬಾವಲಿಯು ಹಣ್ಣನ್ನು ಜಗಿದು ರಸವನ್ನು ಹೀರಿ ನಾರನ್ನು ಉಗುಳುತ್ತದೆ. ಅರ್ಧ ತಿಂದುದನ್ನು ಕೆಳಗೆ ಬೀಳಿಸುತ್ತದೆ. ಬಿದ್ದುದನ್ನು ಹಂದಿಗಳು ತಿಂದುವು. ಹಂದಿಗಳಿಂದ ಸಾಕುವವರಿಗೆ ರೋಗ ಬಂದಿತು. 265 ಮಂದಿಗೆ ತಗಲಿ 105 ಮಂದಿ ಸತ್ತರು. ಹತ್ತು ಲಕ್ಷದಷ್ಟು ಹಂದಿಗಳನ್ನು ಕೊಲ್ಲಲಾಯಿತು. ಮೊದಮೊದಲು ಇದನ್ನು ಸೊಳ್ಳೆಯಿಂದ ಬರುವ ಮಿದುಳುಜ್ವರವೆಂದು ತಿಳಿದು ಸೊಳ್ಳೆಗೆ ಹೊಗೆ ಹಾಕುತ್ತ ಕಾಲ ಕಳೆದದ್ದೂ ಉಂಟು. ಸುಂಗೈ ನಿಪಾ ಎಂಬ ಹಳ್ಳಿಯ ಹೆಸರೇ ರೋಗಕ್ಕೆ ಅಂಟಿತು. ಊರು, ಜನ, ಪ್ರಾಣಿಗಳ ಹೆಸರನ್ನು ಹೊಸ ರೋಗಗಳಿಗೆ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದ್ದು 2015ರಲ್ಲಿ. ಆ ಹಳ್ಳಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಬಾಂಗ್ಲಾದೇಶದಲ್ಲಿ ದಾರಿ ಬೇರೆ. ಕನ್ನಡಿಗರು ಈಚಲೆಂದು ಕರೆಯುವ ಮರವನ್ನೇ ಅಲ್ಲಿ ಚಳಿಗಾಲದಲ್ಲಿ ಕೆತ್ತಿ, ರಾತ್ರಿಯೆಲ್ಲ ಮಡಕೆಗೆ ರಸ ಇಳಿಸಿ, ಬೆಳಗ್ಗೆ ಹಸಿಯಾಗಿ ಕುಡಿಯುತ್ತಾರೆ. ಇರುಳಲ್ಲಿ ಬಾವಲಿಗಳು ಬಂದು ಆ ರಸವನ್ನು ನೆಕ್ಕುವುದನ್ನು ಕತ್ತಲೆಯಲ್ಲಿ ಕಾಣುವ ಛಾಯಾಯಂತ್ರಗಳು ಹಿಡಿದಿವೆ. ಕೆತ್ತಿದ ಜಾಗಕ್ಕೂ ಮಡಕೆಗೂ ಬಿದಿರಿನ ತಡಿಕೆಯನ್ನು ಹೊದಿಸಿದರೆ ಬಾವಲಿಗೆ ರಸ ಸಿಕ್ಕದು, ಮನುಷ್ಯನಿಗೆ ವಿಷಾಣು ಸಿಕ್ಕದು.

ಮಾವಿನ ಹಣ್ಣು, ಈಚಲ ರಸ, ಈ ಎರಡು ಕಥೆಗಳಲ್ಲಿಯೂ ಸಮಾನವಾದುದಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತಿನಲ್ಲಿ ಹೇಳುವ ಪದವಿಲ್ಲ, ಕನ್ನಡದಲ್ಲಿ ಉಂಟು. ಅದು ‘ಎಂಜಲು’. ಬಾವಲಿಯ ಎಂಜಲು ಮನುಷ್ಯನ ಬಾಯಿಗೆ ಬರುವುದೇ ನಿಪಾ ದಾಟುವ ಮುಖ್ಯವಾದ ಬಗೆ. ಮೂತ್ರದಿಂದ ಕೆಟ್ಟ ಆಹಾರವನ್ನೂ ಇದರೊಡನೆ ಸೇರಿಸಿಕೊಳ್ಳಬೇಕು. ಎಂಜಲೆಂದರೆ ಏನೆಂದು ಕನ್ನಡದ ಮೂರು ವರ್ಷದ ಮಗುವಿಗೂ ಗೊತ್ತು. ಅದನ್ನು ಮುಟ್ಟಿದರೆ ಕೈ ತೊಳೆಯಬೇಕೆಂಬುದೂ ಗೊತ್ತು. ‘ಸೋಂಕಿತ ಪ್ರಾಣಿಗಳ ದೇಹದ್ರವಗಳಿಂದ ಕಲುಷಿತವಾದ ಆಹಾರಪದಾರ್ಥಗಳ ಸೇವನೆಯಿಂದ’ ಎಂದು ಸರಕಾರದ ಪ್ರಕಟಣೆಗಳಲ್ಲಿ ಉಸಿರುಕಟ್ಟುವಂತೆ ಬರೆಯುವುದನ್ನು ಈ ಮೂರಕ್ಷರದ ಪದವು ಇದ್ದಲ್ಲಿಯೇ ಮುಗಿಸಿಬಿಡುತ್ತದೆ. ಇಷ್ಟಾದರೂ ನಿಪಾ ಕುರಿತ ಕನ್ನಡ ಬರೆಹಗಳಲ್ಲಿ ಈ ಪದಕ್ಕೆ ದೊರೆತ ಸ್ಥಾನವು ಸಂಸ್ಕೃತದ ಸಮಾಸಗಳಿಗೆ ದೊರೆತುದಕ್ಕಿಂತ ಕಿರಿದು. ಅದು ಮಡಿಯ ಪದ, ಅಡಿಗೆಮನೆಯ ಪದ, ಶಾಸ್ತ್ರಕ್ಕೆ ತಕ್ಕುದಲ್ಲವೆಂಬ ಸಂಕೋಚವೇ ಇದಕ್ಕೆ ಕಾರಣವಾಗಿರಬೇಕು.

ಆದರೆ ಈ ಪದವನ್ನು ಹಾಗೆಯೇ ಎತ್ತಿ ಬಳಸುವುದೂ ನಿರಪಾಯವಲ್ಲ. ಇದೇ ತುಂಗಭದ್ರೆಯ ಆಚೆಯ ದಡದಲ್ಲಿ ಪಂಪಾಸರೋವರವಿದೆ; ಶಬರಿಯು ರಾಮನಿಗೆ ಹಣ್ಣು ಕೊಟ್ಟ ಸ್ಥಳವೆಂದು ಜನರು ಅಲ್ಲಿಗೆ ಹೋಗುತ್ತಾರೆ. ಕಚ್ಚಿ ರುಚಿ ನೋಡಿದ ಹಣ್ಣಿನ ಪ್ರಸ್ತಾಪ ವಾಲ್ಮೀಕಿಯಲ್ಲಿಲ್ಲ. ಅದು ಮುಂದಿನ ಭಕ್ತರು ಸೇರಿಸಿದ್ದು, ಸೇರಿಸಿದ್ದಕ್ಕೆ ಉದ್ದೇಶವೂ ಸ್ಪಷ್ಟ. ಎಂಜಲೆಂಬ ಪದದಿಂದ ಮನುಷ್ಯರನ್ನೇ ದೂರವಿಟ್ಟ ಸಮಾಜಕ್ಕೆ ಅದು ಕೊಟ್ಟ ಉತ್ತರ. ಕೋಳಿಕ್ಕೋಡಿನಲ್ಲಿ ರೋಗಿಗಳನ್ನು ನೋಡಿಕೊಂಡ ದಾದಿಯರನ್ನು ನೆರೆಹೊರೆಯವರು ಹತ್ತಿರ ಸೇರಿಸದಿದ್ದ ಸಂಗತಿಯು ಆಗಿನ ಪತ್ರಿಕೆಗಳಲ್ಲಿಯೇ ಬಂದಿತ್ತು. ಎಂಜಲು ಹಣ್ಣಿಗೆ ಸಲ್ಲತಕ್ಕ ಪದ, ಮನುಷ್ಯನಿಗಲ್ಲ. ಗಿಣಿ ಕಚ್ಚಿದ ಹಣ್ಣು ಸಿಹಿಯೆಂದು ಮಕ್ಕಳು ಮರದ ಕೆಳಗೆ ಬಿದ್ದುದನ್ನು ಆರಿಸಿ ತಿನ್ನುವುದು ಈ ಕಡೆ ಸಾಮಾನ್ಯ. ಕಚ್ಚಿದ್ದು ಗಿಣಿಯೋ ಬಾವಲಿಯೋ ಎಂದು ಬೆಳಗ್ಗೆ ಹೇಳುವವರಾರು? ಪದವು ಅಲ್ಲಿ ತನ್ನ ಕೆಲಸವನ್ನು ಮಾಡಲಿ.

ಶಾಸ್ತ್ರದ ಪದಗಳನ್ನು ಕುರಿತು ಎರಡು ಮಾತು. ಲ್ಯಾಟಿನ್ನಿನ ‘ವೈರಸ್’ ಎಂಬುದಕ್ಕೆ ವಿಷವೆಂದರ್ಥ. ‘ವಿಷಾಣು’ವೆಂಬುದು ನೇರವಾದ ಅನುವಾದ. ಆದರೆ ಈಚೆಗೆ ಬಳಕೆಯಲ್ಲಿ ಗೆದ್ದಿರುವುದು ‘ವೈರಾಣು’. ಸದ್ದಿನ ಹೋಲಿಕೆಯಿಂದ ಹುಟ್ಟಿದ ಈ ಪದದೊಳಗೆ ‘ವೈರ’ವು ಹೊಕ್ಕಿತು, ವಿಷಕ್ಕೆ ಇಲ್ಲದ ಹಗೆತನ ಅದಕ್ಕೆ ಬಂದಿತು. ವಿಷಾಣುವಿನ ಸುದ್ದಿಯಲ್ಲಿ ಯುದ್ಧ, ದಾಳಿ, ಲಗ್ಗೆಗಳ ಮಾತು ಇಷ್ಟೊಂದು ತುಂಬುವುದಕ್ಕೆ ಈ ಪದವೂ ತನ್ನ ಪಾಲನ್ನು ಸಲ್ಲಿಸಿರಬಹುದು. ಇನ್ನು ‘ಪತ್ತೆ’. ಪುಣೆಯ ಸಂಸ್ಥೆಯ ಸಮೀಕ್ಷೆಯಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಬಾವಲಿಗಳ ರಕ್ತದಲ್ಲಿ ನಿಪಾದ ಪ್ರತಿಕಾಯಗಳು ಕಂಡವು. ಪ್ರತಿಕಾಯವೆಂದರೆ ಆ ಪ್ರಾಣಿಯು ಹಿಂದೊಮ್ಮೆ ವಿಷಾಣುವನ್ನು ಎದುರಿಸಿದ್ದ ಗುರುತು. ಈಗ ಅದನ್ನು ಹೊತ್ತಿದೆಯೆಂಬ ಸಾಕ್ಷ್ಯವಲ್ಲ. ‘ನಿಪಾ ಪತ್ತೆ’ ಎಂಬ ತಲೆಬರೆಹದಲ್ಲಿ ಈ ಭೇದ ಉಳಿಯುವುದಿಲ್ಲ. 2020ರ ಏಪ್ರಿಲಿನಲ್ಲಿ ಕೆಲವು ರಾಜ್ಯಗಳ ಬಾವಲಿಗಳಲ್ಲಿ ಕೊರೋನಾ ಕುಲದ ಬೇರೊಂದು ವಿಷಾಣು ಕಂಡಾಗಲೂ ಹೀಗೆಯೇ ಆಯಿತು. ಕೊರೋನಾ ಎಂಬುದು ಶಾಸ್ತ್ರಜ್ಞನಿಗೆ ಒಂದು ಕುಲದ ಹೆಸರು, ಜನರಿಗೆ ಆಗ ಜಗತ್ತನ್ನು ಮುಚ್ಚಿದ್ದ ಒಂದೇ ರೋಗದ ಹೆಸರು.

ಇಷ್ಟರಿಂದ ಬಾವಲಿಯು ನಿರಪರಾಧಿಯೆಂದು ಕೊಂಡಾಡುವುದೂ ಸರಿಯಲ್ಲ; ಈಚೆಗೆ ಅಂತಹ ಬರೆಹಗಳೂ ಹೆಚ್ಚುತ್ತಿವೆ. ಪರಾಗಸ್ಪರ್ಶ ಮಾಡುತ್ತದೆ, ಬೀಜ ಬಿತ್ತುತ್ತದೆ, ಬೆಳೆಯ ಹುಳುಗಳನ್ನು ತಿನ್ನುತ್ತದೆ ಎಂಬುದೆಲ್ಲ ನಿಜ. ಆದರೆ ನಿಪಾ ತಗಲಿದವರಲ್ಲಿ ನೂರಕ್ಕೆ 40ರಿಂದ 75ರವರೆಗೆ ಸಾಯುವರೆಂಬುದೂ ನಿಜ. ಗವಿಯಲ್ಲಿ ವಾಸಿಸುವ ಹಣ್ಣುಬಾವಲಿಯೊಂದರಲ್ಲಿ ನಿಪಾದ ಕುರುಹು 2020ರ ಮಾರ್ಚಿಯಲ್ಲಿ ಮಹಾಬಲೇಶ್ವರದ ಗವಿಯಿಂದ ತಂದ ಮಾದರಿಗಳಲ್ಲಿ ಸಿಕ್ಕಿತು. ಆದುದರಿಂದ ಹಾಳುಗುಡಿಗಳ ಬಾವಲಿಗಳೆಲ್ಲ ಹುಳು ತಿನ್ನುವುವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ದೂಷಣೆಯೂ ಸ್ತುತಿಯೂ ಒಂದೇ ದೋಷದ ಎರಡು ರೂಪಗಳು: ಎರಡೂ ಪ್ರಾಣಿಯನ್ನು ನೋಡುತ್ತವೆ, ದಾರಿಯನ್ನು ನೋಡುವುದಿಲ್ಲ.

ದಾರಿಯನ್ನು ನೋಡಿದ ಕೃತಿಯೊಂದನ್ನು ಹೆಸರಿಸುವುದಾದರೆ ಸೋಡರ್‌ಬರ್ಗ್ ಎಂಬವರು 2011ರಲ್ಲಿ ತೆಗೆದ ‘ಕಂಟೇಜನ್’ ಎಂಬ ಚಿತ್ರದ ಕಡೆಯ ಒಂದೆರಡು ನಿಮಿಷಗಳನ್ನು ಹೇಳಬೇಕು. ಉಳಿದ ಚಿತ್ರವೆಲ್ಲ ಅಮೆರಿಕದ ಭಯದ ವರ್ಣನೆ. ಕೊನೆಯಲ್ಲಿ ಮಾತಿಲ್ಲದೆ ಕಥೆಯು ಹಿಂದಕ್ಕೆ ಹೋಗುತ್ತದೆ: ಯಂತ್ರವೊಂದು ಮರವನ್ನು ಕೆಡವುತ್ತದೆ, ನೆಲೆ ತಪ್ಪಿದ ಬಾವಲಿಯು ಬಾಳೆಯ ಗಿಡಕ್ಕೆ ಹಾರುತ್ತದೆ, ಅದರ ಬಾಯಿಂದ ಜಾರಿದ ಚೂರು ಹಂದಿಯ ದೊಡ್ಡಿಗೆ ಬೀಳುತ್ತದೆ, ಆ ಹಂದಿಯ ಬಾಯಲ್ಲಿ ಕೈಯಿಟ್ಟ ಅಡಿಗೆಯವನು ಕೈ ತೊಳೆಯದೆ ಅತಿಥಿಯ ಕೈ ಕುಲುಕುತ್ತಾನೆ. ಇಲ್ಲಿ ಮೊದಲ ವಾಕ್ಯದ ಕರ್ತೃ ಬಾವಲಿಯಲ್ಲ, ಮರ ಕಡಿದ ಯಂತ್ರ. ಇದು ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಬಾವಲಿಯಿಂದ ಕುದುರೆಗೂ ಕುದುರೆಯಿಂದ ಮನುಷ್ಯನಿಗೂ ದಾಟುವ ಹೆಂಡ್ರ ವಿಷಾಣುವನ್ನು ಆಸ್ಟ್ರೇಲಿಯದಲ್ಲಿ 1994ರಲ್ಲಿ ಕಂಡರು. ಅಲ್ಲಿ 25 ವರ್ಷಗಳ ಲೆಕ್ಕವನ್ನು ಕೂಡಿಸಿ 2022ರಲ್ಲಿ ಪ್ರಕಟಿಸಿದ ಸಂಶೋಧನೆಯು ಇದನ್ನೇ ಹೇಳುತ್ತದೆ: ಚಳಿಗಾಲದಲ್ಲಿ ಹೂಬಿಡುವ ಕಾಡು ಕಡಿದಂತೆಲ್ಲ ಹಸಿದ ಬಾವಲಿಗಳು ಊರು ತೋಟಗಳಿಗೆ ಬಂದವು, ವಿಷಾಣು ದಾಟಿತು, ಉಳಿದ ಕಾಡು ಚೆನ್ನಾಗಿ ಹೂಬಿಟ್ಟ ಚಳಿಗಾಲಗಳಲ್ಲಿ ಬಾವಲಿಗಳು ಅಲ್ಲಿಗೇ ಹಿಂದಿರುಗಿದವು, ವಿಷಾಣು ದಾಟಲಿಲ್ಲ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂದ ಪರಿಸ್ಥಿತಿಯನ್ನು ಕಣ್ಣಾರೆ ಕಂಡ ಸಂಡೂರಿನ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಿನ ತಪ್ಪು ಕೈಯ ತಪ್ಪಾಗುವುದಕ್ಕೆ ಯುಗಾಂಡದ ಕಿಟಾಕ ಎಂಬ ಗಣಿಯ ಕಥೆ ಸಾಕ್ಷಿ. 2007ರಲ್ಲಿ ಅಲ್ಲಿನ ಕೆಲಸಗಾರರಿಗೆ ಬಾವಲಿಗಳಿಂದ ಮಾರ್ಬುರ್ಗ್ ಎಂಬ ಜಾಡ್ಯ ಬಂದಿತು. ಗಣಿಯವರು ಬಾವಲಿಗಳನ್ನೆಲ್ಲ ನಿರ್ಮೂಲಮಾಡಿದರು. ಕೆಲವು ವರ್ಷಗಳಲ್ಲಿ ಹೊಸ ಬಾವಲಿಗಳು ಬಂದು ಸೇರಿದುವು; 2012ರಲ್ಲಿ ಹತ್ತಿರದ ಊರಿನಲ್ಲಿ ಮತ್ತೆ ಜಾಡ್ಯವೆದ್ದಿತು; ಪರೀಕ್ಷಿಸಿದಾಗ ಆ ಗಣಿಯ ಬಾವಲಿಗಳಲ್ಲಿ ವಿಷಾಣುವಿನ ಪ್ರಮಾಣ ಮೊದಲಿಗಿಂತ ಇಮ್ಮಡಿಗೂ ಮಿಕ್ಕಿತ್ತು. ಭಾರತದಲ್ಲಿ 1972ರ ವನ್ಯಜೀವಿ ಕಾಯಿದೆಯೇ ಹಣ್ಣುಬಾವಲಿಯನ್ನು ಕಾಗೆ ಇಲಿಗಳೊಡನೆ ಪೀಡಕ ಪ್ರಾಣಿಗಳ ಪಟ್ಟಿಗೆ ಸೇರಿಸಿ, ಯಾರು ಬೇಕಾದರೂ ಕೊಲ್ಲಬಹುದೆಂದು ಬಿಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಕಾಯಿದೆಯ ಭಾಷೆ ತಿದ್ದಿಕೊಂಡಿತು. ಪತ್ರಿಕೆಯ ಭಾಷೆ ಇನ್ನೂ ತಿದ್ದಿಕೊಳ್ಳಬೇಕಾಗಿದೆ.

2018ರಲ್ಲಿ ಕೇರಳದ ಹಣ್ಣುತರಕಾರಿಗಳನ್ನು ಕೊಲ್ಲಿಯ ಕೆಲವು ರಾಷ್ಟ್ರಗಳು ನಿಷೇಧಿಸಿದುವು. ಒಂದು ಹೆಸರಿನ ಭಯಕ್ಕೆ ಕಂಪ್ಲಿ ಹೊಸಪೇಟೆಗಳ ಬಾಳೆಯ ಬೆಳೆಗಾರರೂ ಒಂದು ದಿನ ತುತ್ತಾಗಬಹುದು. ಪೇಟೆಗೆ ಹೋಗುವ ಗೊನೆಯನ್ನು ಕಾಯಾಗಿರುವಾಗಲೇ ಕಡಿಯುವರೆಂಬುದೂ, ಬಾವಲಿ ಬಯಸುವುದು ಗಿಡದಲ್ಲಿಯೇ ಮಾಗಿದುದನ್ನೆಂಬುದೂ ಆಗ ಯಾರ ನೆನಪಿಗೂ ಬಾರದು. ಹಂಪೆಯ ನೆಲದೊಳಗಿನ ಶಿವಾಲಯದ ಮೊದಲಾದ ಕತ್ತಲೆಯ ಎಡೆಗಳಿಗೆ ಹೋಗುವ ಪ್ರವಾಸಿಗರಿಗೆ ಎಚ್ಚರಿಕೆಯ ಹಲಗೆ ಹಾಕುವ ಕಾಲ ಬಂದರೆ, ಬರೆಯುವವರ ಮುಂದೆ ಎರಡು ವಾಕ್ಯಗಳಿರುತ್ತವೆ. ‘ಬಾವಲಿ ಜ್ವರವಿದೆ, ಬಾವಲಿಗಳಿಂದ ಎಚ್ಚರ’ ಎಂಬುದು ಒಂದು. ಅದನ್ನು ಓದಿದವನು ಕಲ್ಲನ್ನು ಎತ್ತಿಕೊಳ್ಳಬಹುದು, ಹೊಗೆ ಹಾಕಬಹುದು. ‘ಬಾವಲಿಗಳನ್ನು ಮುಟ್ಟಬೇಡಿ, ಓಡಿಸಬೇಡಿ, ಇಲ್ಲಿ ಕುಳಿತು ಉಣ್ಣಬೇಡಿ, ಬಿದ್ದ ಹಣ್ಣು ಎಂಜಲು, ತಿನ್ನಬೇಡಿ, ಹೊರಗೆ ಬಂದು ಕೈ ತೊಳೆಯಿರಿ’ ಎಂಬುದು ಇನ್ನೊಂದು. ಇದರಲ್ಲಿ ರೋಗದ ಹೆಸರೇ ಇಲ್ಲ.